ಬದನೆಕಾಯಿಗೆ ಸಿಕ್ಕ ಮರ್ಯಾದೆ

ನಮ್ಮ ದೊಡ್ಡಪ್ಪನವರ ಬಲಗೈ ಉಗುರುಗಳು ಹಳೆಯ ಕಾಫಿ ಕಷಾಯದ ಬಣ್ಣಕ್ಕಿದ್ದವು. ಹೊಸಬರು ನೋಡಿದರೆ ಹೊಗೆಸೊಪ್ಪಿನ ಚಟ ಎಂದುಕೊಳ್ಳುತ್ತಿದ್ದರು. ಅವರು ಹೊಗೆಸೊಪ್ಪು ಮುಟ್ಟಿದವರಲ್ಲ. ಅದು ಫೋಟೋ ತೊಳೆಯುವ ಮದ್ದಿನ ಕಲೆ. ದೊಡ್ಡಮ್ಮ ಆ ಉಗುರುಗಳನ್ನು ಸೀಗೆಪುಡಿ ಹಾಕಿ ತಿಕ್ಕಿದರು, ಹುಣಿಸೆಹಣ್ಣು ಹಾಕಿ ತಿಕ್ಕಿದರು, ಕೊನೆಗೆ ಒಲೆಯ ಬೂದಿಯನ್ನೂ ಹಾಕಿದರು. “ಚೊಂಬಾಗಿದ್ರೆ ಇಷ್ಟೊತ್ಗೆ ಫಳಫಳ ಅನ್ನೋದು” ಎಂದು ಗೊಣಗಿ ಆ ಕೈಯನ್ನು ಅದರ ಪಾಡಿಗೆ ಬಿಟ್ಟರು.

ದೊಡ್ಡಪ್ಪ ಶೇಕದಾರರಾಗಿದ್ದವರು. ಮಳವಳ್ಳಿ, ಮದ್ದೂರು ಸೀಮೆಯ ಹೊಲಗದ್ದೆಗಳಿಗೆಲ್ಲ ಸರಪಳಿ ಹಿಡಿಸಿ, ಯಾರ ಬೇಲಿ ಎಲ್ಲಿ ನಿಲ್ಲಬೇಕೆಂದು ಹೇಳಿ, ಅದರಿಂದ ಬರಬೇಕಾದಷ್ಟು ಶಾಪವನ್ನೂ ಸಂಪಾದಿಸಿ, ಕೆಲಸದಿಂದ ಬಿಡುಗಡೆಯಾಗಿ ಊರಿಗೆ ಬಂದರು. ಮದ್ದೂರಿನಿಂದ ವೈದ್ಯನಾಥಪುರದ ಕಡೆಗೆ ಹೋಗುವಾಗ ಶಿಂಷಾ ಹೊಳೆಯ ಪಕ್ಕಕ್ಕೆ ಸಿಕ್ಕುವ ಊರು ನಮ್ಮದು. ಅವರ ಜೊತೆ ಗಾಡಿಯಲ್ಲಿ ಬಂದ ಸಾಮಾನಿನಲ್ಲಿ ಒಂದು ಕ್ಯಾಮೆರಾ ಇತ್ತು. ಕಾಲುವೆ ಕೆಲಸ ಮುಗಿಸಿ ಸ್ವದೇಶಕ್ಕೆ ಹೊರಟ ದೊರೆಯೊಬ್ಬರು ಬಿಟ್ಟುಹೋದದ್ದು. ಮೂರು ಕಾಲು, ಒಂದು ಕಣ್ಣು, ನಡುವೆ ಕಮ್ಮಾರನ ತಿದಿಯ ಹಾಗೆ ಮಡಿಕೆ ಮಡಿಕೆಯಾದ ಹೊಟ್ಟೆ. ಹಿಂದುಗಡೆ ಕರೀ ಬಟ್ಟೆ ಹೊದ್ದು ನೋಡಬೇಕು. ಚಿತ್ರ ಮೂಡುವುದು ಗಾಜಿನ ಪ್ಲೇಟಿನ ಮೇಲೆ. ಊರವರು ಅದನ್ನು ‘ಪೆಟ್ಟಿಗೆ’ ಎನ್ನುತ್ತಿದ್ದರು. ದೊಡ್ಡಮ್ಮ ‘ಅದು’ ಎನ್ನುತ್ತಿದ್ದರು. ಗಂಡನ ಹೆಸರು ಹೇಳದವರು ಗಂಡನ ಪೆಟ್ಟಿಗೆಯ ಹೆಸರನ್ನೂ ಹೇಳಬಾರದೆಂದು ತೀರ್ಮಾನಿಸಿದ್ದಿರಬೇಕು.

ನಾನು ಆಗ ಮಂಡ್ಯದಲ್ಲಿ ಗುಮಾಸ್ತೆ. ತಂದೆತಾಯಿ ಇಲ್ಲದವನಿಗೆ, ಮಕ್ಕಳಿಲ್ಲದ ಅವರ ಮನೆಯೇ ಮನೆ. ಭಾನುವಾರ ಬಂದರೆ ರೈಲು ಹಿಡಿದು ಮದ್ದೂರಿನಲ್ಲಿ ಇಳಿದು ನಡೆದುಬಿಡುತ್ತಿದ್ದೆ. ಆದ್ದರಿಂದ ಇಲ್ಲಿ ಬರೆಯುತ್ತಿರುವುದರಲ್ಲಿ ಹೆಚ್ಚಿನದು ನಾನು ಕಂಡದ್ದು. ಕಾಣದ್ದು ದೊಡ್ಡಮ್ಮನಿಂದ ಕೇಳಿದ್ದು, ಅದು ಕಂಡದ್ದಕ್ಕಿಂತ ನಿಖರ.

ಮೊದಲ ವರ್ಷ ದೊಡ್ಡಪ್ಪ ಎಲ್ಲರ ಹಾಗೆ ಮನುಷ್ಯರ ಫೋಟೋವನ್ನೇ ತೆಗೆಯುತ್ತಿದ್ದರು. ಅದು ನಿಂತದ್ದು ಪಟೇಲರ ತಾಯಿಯಿಂದ. ಆ ಅಜ್ಜಿಗೆ ಉಬ್ಬಸ. ತಾನಾಗಿಯೇ ಹೇಳಿ ಕಳುಹಿಸಿ, ಜಗಲಿಯ ಮೇಲೆ ಕೂತು, “ನನ್ ಮೊಕ ಒಂದ್ ಕಿತ ತಗಿ ಮಗ, ಸತ್ಮೇಲೆ ಇವು ಮರ್ತ್‌ಬುಡ್ತವೆ” ಎಂದು ತೆಗೆಸಿಕೊಂಡಿತು. ಪ್ಲೇಟು ತೊಳೆದು ಒಣಗಿ ಕಾಗದಕ್ಕೆ ಇಳಿಸುವ ಮೊದಲೇ ಉಬ್ಬಸ ಮೇಲಾಗಿ ತೀರಿಕೊಂಡಿತು.

ಅರಳಿಕಟ್ಟೆಯ ಮೇಲೆ ನ್ಯಾಯ ಸೇರಿತು. ದೂರುದಾರರೂ ಪಟೇಲರೇ, ನ್ಯಾಯಾಧಿಪತಿಗಳೂ ಪಟೇಲರೇ ಆದ್ದರಿಂದ ವಿಚಾರಣೆಯಲ್ಲಿ ಭಿನ್ನಾಭಿಪ್ರಾಯ ತಲೆದೋರಲಿಲ್ಲ. ಇದರ ಹಿಂದೆ ಒಂದು ಹಳೆಯ ಲೆಕ್ಕವಿತ್ತು. ಪಟೇಲರ ತೋಟದ ಬೇಲಿ ಬಹಳ ವರ್ಷದಿಂದ ಕೆರೆಯಂಗಳದೊಳಕ್ಕೆ ಕಾಲು ಚಾಚಿ ಮಲಗಿತ್ತು. ದೊಡ್ಡಪ್ಪ ಶೇಕದಾರರಾಗಿದ್ದಾಗ ಅದನ್ನು ಎಬ್ಬಿಸಿ ಅದರ ಜಾಗಕ್ಕೆ ಕಳುಹಿಸಿದ್ದರು. ಅದನ್ನು ಯಾರೂ ಕಟ್ಟೆಯ ಮೇಲೆ ಎತ್ತಲಿಲ್ಲ. ಎತ್ತಬೇಕಾಗಿರಲೂ ಇಲ್ಲ, ಊರಿಗೆಲ್ಲ ಗೊತ್ತಿತ್ತು.

“ನಮ್ಮವ್ವನ ಆಯಸ್ಸು ಆ ಪೆಟ್ಗೆ ಒಳೀಕೆ ಓಯ್ತು” ಎಂದರು ಪಟೇಲರು.

“ಉಬ್ಬಸ ಮೊದ್ಲಿಂದ್ಲೂ ಇತ್ತಲ್ರಾ” ಎಂದ ಹಿಂದಿನಿಂದ ಒಬ್ಬ.

“ಉಬ್ಬಸ ಇತ್ತು ಕಣ್ಲಾ. ಸಾವು ಇರ್ಲಿಲ್ಲ.”

ಈ ವಾದಕ್ಕೆ ಯಾವ ನ್ಯಾಯಾಲಯದಲ್ಲೂ ಉತ್ತರವಿಲ್ಲ. ಅಜ್ಜಿಯ ಪ್ಲೇಟನ್ನು ತರಿಸಿ ಕಟ್ಟೆಯ ಕಲ್ಲಿಗೆ ಬಡಿದು ಒಡೆಯಲಾಯಿತು. ಇನ್ನು ಮೇಲೆ ಊರ ಎಲ್ಲೆಯೊಳಗೆ ಆ ಪೆಟ್ಟಿಗೆಯ ಕಣ್ಣನ್ನು ನರಮನುಷ್ಯರ ಮುಖಕ್ಕೆ ಹಿಡಿಯಕೂಡದು, ಹಿಡಿದರೆ ನೀರು ಬೆಂಕಿ ಬಂದ್, ಅಗಸ ಕ್ಷೌರಿಕ ಬಂದ್, ಎಂದು ಕಟ್ಟು ಮಾಡಿದರು. ವೈದ್ಯನಾಥೇಶ್ವರನ ಗುಡಿಯಲ್ಲಿ ಕರ್ಪೂರ ಮುಟ್ಟಿ ಆಣೆ ಇಡಬೇಕೆಂದೂ ಆಯಿತು. ದೊಡ್ಡಪ್ಪ ಒಂದೇ ಒಂದು ಪ್ರಶ್ನೆ ಕೇಳಿದರು.

“ಮೊಕ ಒಂದೇನೋ, ಇಲ್ಲಾ ಇಡೀ ಮೈಯೋ? ಅಳತೆ ಈಗ್ಲೇ ಆಗ್‌ಬುಡ್ಲಿ.”

“ಮೊಕ ಕಣಯ್ಯ. ಆಯಸ್ಸು ಇರೋದು ಮೊಕದಲ್ಲಿ, ಮಂಡೀಲಲ್ಲ.”

ಕಟ್ಟೆಯೆಲ್ಲ ನಕ್ಕಿತು. ದೊಡ್ಡಪ್ಪ ನಗಲಿಲ್ಲ. ಜಮೀನಿನ ಗಡಿಕಲ್ಲು ಎಲ್ಲಿ ಹೂತಿದೆ ಎಂದು ನೋಡಿಕೊಳ್ಳುವವರ ಹಾಗೆ ತಲೆಯಾಡಿಸಿ, ಹೋಗಿ ಆಣೆ ಇಟ್ಟುಬಂದರು.

ಆಮೇಲೆ ಕ್ಯಾಮೆರಾ ಮನೆಯೊಳಕ್ಕೆ ತಿರುಗಿತು. ನಮ್ಮದು ನಡುವೆ ಬಿಸಿಲು ಬೀಳುವ ತೊಟ್ಟಿಯ ಮನೆ. ಬೆಳಗಿನ ಬಿಸಿಲು ಇಳಿಯುವ ಹೊತ್ತಿಗೆ ದೊಡ್ಡಪ್ಪ ಒರಳುಕಲ್ಲಿನ ಮೇಲೆ ಮಣೆ ಇಟ್ಟು, ಒಂದು ಕಡೆಗೆ ತಮ್ಮ ಒಗೆದ ಪಂಚೆಯನ್ನು ಹರಡಿ ಬೆಳಕನ್ನು ತಿರುಗಿಸಿ, ತಿದಿಯನ್ನು ಅದು ಹೋಗುವಷ್ಟು ದೂರ ಹಿಗ್ಗಿಸುತ್ತಿದ್ದರು. ಹಾಗೆ ಹಿಗ್ಗಿಸಿದರೆ ಅಂಗೈಯಷ್ಟು ಹತ್ತಿರದ ವಸ್ತುವೂ ಪ್ಲೇಟು ತುಂಬ ಬರುತ್ತದೆ. ಅವರ ಮನೆಯ ಮೊದಲ ಗಿರಾಕಿ ಒಂದು ಬದನೆಕಾಯಿ. ಅದರ ತೊಟ್ಟಿನ ಮುಳ್ಳು, ತೊಟ್ಟಿನ ಕೆಳಗೆ ಬಿಸಿಲು ಕಾಣದ ಬಿಳೀ ಅಂಚು, ಮೈಮೇಲೆ ಯಾವುದೋ ಹುಳ ಆಸೆಪಟ್ಟು ಬಿಟ್ಟುಹೋದ ಒಂದು ಗಾಯ, ಎಲ್ಲವೂ ಬಂದವು. ದರ್ಬಾರಿಗೆ ಪೇಟ ಕಟ್ಟಿ ಬಂದ ಸರದಾರರ ಹಾಗಿತ್ತು ಆ ಬದನೆಕಾಯಿಯ ಗಾಂಭೀರ್ಯ.

ಆಮೇಲೆ ಕನಕಾಂಬರ ಬಂತು. ದಾಸವಾಳದ ನಡುವಿನ ಕೇಸರದ ಕಡ್ಡಿ, ಅಡಕತ್ತರಿ, ಉಪ್ಪಿನ ಮರಿಗೆಯ ಬಾಯಿ, ರಾಗಿಕಲ್ಲಿನ ಗೂಟ ಬಂದವು. ರಾಗಿಕಲ್ಲಿನ ಗೂಟ ದೊಡ್ಡಮ್ಮನ ಕೈ ಹಿಡಿದು ಹಿಡಿದು ಒಂದು ಕಡೆ ಸವೆದಿತ್ತು. ಆ ಸವೆತವನ್ನು ನಾವು ಯಾರೂ ಅಲ್ಲಿಯವರೆಗೆ ನೋಡಿರಲಿಲ್ಲ. ದೊಡ್ಡಮ್ಮನೇ ಫೋಟೋ ಹಿಡಿದು, “ಇದ್ಯಾರ ಮನೇದು?” ಎಂದು ಕೇಳಿದರು.

“ಅತ್ರ ಓಗ್ಲಾ, ಇನ್ನೂ ಅತ್ರ ಓಗು” ಎಂದು ನನಗೆ ಹೇಳುತ್ತಿದ್ದರು ದೊಡ್ಡಪ್ಪ. “ದೂರದಿಂದ ಎಲ್ಲಾರೂ ಚೆಂದಾಗೇ ಕಾಣ್ತಾರೆ.” ಅವರು ಮಾತಾಡುತ್ತಿದ್ದುದು ದಾಸವಾಳದ ಬಗ್ಗೆಯೋ ಪಟೇಲರ ಬಗ್ಗೆಯೋ ಕೊನೆಯವರೆಗೂ ತಿಳಿಯಲಿಲ್ಲ.

ಅಷ್ಟು ಹತ್ತಿರದಿಂದ ತೆಗೆಯುವಾಗ ಕಣ್ಣುಮುಚ್ಚಳ ತೆರೆದು ಬಹಳ ಹೊತ್ತು ಬಿಡಬೇಕು. ಅಷ್ಟು ಹೊತ್ತೂ ಗಾಳಿ ಆಡಕೂಡದು, ನೆಲ ಅದುರಕೂಡದು, ಯಾರೂ ಸೀನಕೂಡದು. ಒಲೆಯ ಮೇಲಿನ ಸಾರು ಉಕ್ಕಿದರೂ ದೊಡ್ಡಮ್ಮ ಕೈಯಲ್ಲಿ ಸೌಟು ಹಿಡಿದು ಶಿಲಾಬಾಲಿಕೆಯ ಭಂಗಿಯಲ್ಲಿ ನಿಂತಿರಬೇಕು. “ಒಂದ್ ಬದ್ನೇಕಾಯ್ಗೋಸ್ಕರ ಮನೆಮಂದಿ ಉಸುರು ಬುಡಂಗಿಲ್ಲ. ಅದರ ಪುಣ್ಯ ನೋಡು” ಎಂದು ಆಮೇಲೆ ನನ್ನ ಹತ್ತಿರ ಹೇಳುತ್ತಿದ್ದರು. ಹೇಳುವಾಗ ನಗುತ್ತಿದ್ದರು.

ನಗು ನಿಂತದ್ದು ಯುದ್ಧದ ಕಾಲದಲ್ಲಿ. ಕಾಲುವೆ ನೀರು ಬಂದ ಮೇಲೆ ನಮ್ಮ ಸೀಮೆಗೆ ಭತ್ತ ಬಂತು, ಕಬ್ಬು ಬಂತು, ಅವುಗಳ ಜೊತೆ ಚಳಿಜ್ವರವೂ ಬಂತು. ದೊಡ್ಡಮ್ಮನಿಗೆ ಅದು ಹಿಡಿದು ಬಿಡಲಿಲ್ಲ. ಒಂದು ದಿನ ಬಿಟ್ಟು ಒಂದು ದಿನ ನಡುಗುತ್ತ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು. ನಡುಕ ಬಿಟ್ಟ ಒಂದು ಮಧ್ಯಾಹ್ನ ಎದ್ದು ಕೂತು, ತಲೆ ಬಾಚಿ, ಗಂಡನನ್ನು ಕರೆದು ಹೇಳಿದರು:

“ನಂದೊಂದ್ ಮೊಕ ತಗೀರಿ. ಬದ್ನೇಕಾಯ್ಗಿಂತ ಕಡೆನಾ ನಾನು?”

ಆ ಕ್ಷಣದವರೆಗೆ ನಮಗೆ ಯಾರಿಗೂ ಹೊಳೆದಿರಲಿಲ್ಲ. ಮನೆಯ ಸೌಟು, ಸೇರು, ಚೊಂಬು ಎಲ್ಲಕ್ಕೂ ಫೋಟೋ ಇತ್ತು. ಅವುಗಳ ಒಡತಿಗೆ ಇರಲಿಲ್ಲ. ‘ಯಾವಾಗಲಾದರೂ ತೆಗೆದರಾಯಿತು’ ಎಂದುಕೊಂಡಿರುವಾಗಲೇ ಕಟ್ಟು ಬಿದ್ದಿತ್ತು.

ಎಲ್ಲೆ ದಾಟಿ ಮದ್ದೂರಿಗೆ ಕರೆದುಕೊಂಡು ಹೋಗಿ ತೆಗೆಯೋಣವೆಂದು ಗಾಡಿ ಕಟ್ಟಿಸಿದರೆ ಮತ್ತೆ ಜ್ವರ. ಅಲುಗಾಡಿಸಬೇಡಿ ಎಂದರು ಡಾಕ್ಟರು. ಆ ಭಾನುವಾರ ದೊಡ್ಡಪ್ಪ ನನ್ನನ್ನು ಜೊತೆಗೆ ಕರೆದುಕೊಂಡು ಪಟೇಲರ ಮನೆಗೆ ಹೋದರು.

ಪಟೇಲರು ಜಗಲಿಯ ಮೇಲೆ ಕಾಲು ಚಾಚಿ ಆಳಿನಿಂದ ಮಂಡಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದರು. ದೊಡ್ಡಪ್ಪ ರುಮಾಲು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡರು. ಅವರು ಯಾರ ಮುಂದೆಯಾದರೂ ಹಾಗೆ ಮಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

“ಮನೇಲಿ ಸರೀಗಿಲ್ಲ. ಒಂದೇ ಒಂದ್ ಮೊಕ. ನಿಮ್ಮ ಅಪ್ಪಣೆ ಆಗ್ಬೇಕು.”

“ಕಾಯ್ಲೆ ಎಂಗಸು. ಇರೋ ಆಯಸ್ನೂ ಕಿತ್ಕೊಂಡೀಯಾ? ನಾಳೆ ಏನಾರ ಆದ್ರೆ ಊರು ಕೇಳೋದು ನನ್ನ.”

“ಅವಳೇ ಕೇಳವ್ಳೆ.”

“ನಮ್ಮವ್ವನೂ ಕೇಳಿತ್ತು.” ಪಟೇಲರು ಇನ್ನೊಂದು ಮಂಡಿಯನ್ನು ಆಳಿನ ಕಡೆ ಚಾಚಿದರು. “ಬದ್ನೇಕಾಯ್ ತಗೀತಾ ಇದ್ದೀಯಂತಲ್ಲ, ಅದನ್ನೇ ತಗಿ ಓಗು.”

ದಾರಿಯಲ್ಲಿ ದೊಡ್ಡಪ್ಪ ರುಮಾಲು ಸುತ್ತಿಕೊಂಡರು. ಒಂದು ಸುತ್ತು ಸರಿಯಾಗಲಿಲ್ಲವೆಂದು ಬಿಚ್ಚಿ ಮತ್ತೆ ಸುತ್ತಿದರು.

ಮನೆಯಲ್ಲಿ ದೊಡ್ಡಮ್ಮ ಎಲ್ಲವನ್ನೂ ಕೇಳಿ, “ಅಷ್ಟೇ ತಾನೆ. ಬಾಗ್ಲಾಕ್ಕೊಂಡು ತಗೀರಿ. ಯಾರಿಗ್ ಗೊತ್ತಾಯ್ತದೆ?” ಎಂದರು.

“ನಾನು ಆಣೆ ಇಟ್ಟಿವ್ನಿ.”

“ಸಿವ ಏನೂ ಅನ್ಕಳಾಕಿಲ್ಲ. ಅವನ್ಗೂ ಎಂಡ್ತಿ ಅವ್ಳೆ.”

“ಸಿವನ ಮಾತಲ್ಲ ಕಣೆ. ನಾನು ಮುರುದ್ರೆ ಆ ಪಟೇಲ ಗೆದ್ದಂಗೆ. ಈ ಕಟ್ಟು ಅವನ ಕುತ್ಗೆಗೇ ಬೀಳೋಗಂಟ ನಾನು ಒಂದ್ ಕೂದ್ಲೆಳೆನೂ ಮೀರಾಕಿಲ್ಲ.”

ದೊಡ್ಡಮ್ಮ ಹೊದಿಕೆ ಸರಿಸಿ ಎದ್ದು ಕೂತರು. “ಅವನು ಸೋಲ್ಲಿ ಅಂತ ನಾನು ಕಾಣದಂಗೆ ಓಗ್ಬೇಕಾ?”

ದೊಡ್ಡಪ್ಪ ಇದಕ್ಕೆ ಉತ್ತರ ಕೊಟ್ಟದ್ದು ಕ್ಯಾಮೆರಾದಲ್ಲಿ. ಮಾರನೆಯ ಬೆಳಗ್ಗೆ ದೊಡ್ಡಮ್ಮನ ಕೈ ತೆಗೆದರು. ಕನಕಾಂಬರ ಕಟ್ಟುತ್ತಿರುವ ಕೈ, ನಾರು ಬಿಗಿಯುವಾಗ ಬಾಗಿದ ಹೆಬ್ಬೆರಳು. ಆಮೇಲೆ ಒಂದೊಂದು ದಿನ ಒಂದೊಂದು: ಹಿಮ್ಮಡಿಯ ಬಿರುಕು, ಸುಣ್ಣದ ಡಬ್ಬಿ, ಒಂದು ಕೂದಲು ಸಿಕ್ಕಿಕೊಂಡ ಬಾಚಣಿಗೆ, ಹಿಂದಿನಿಂದ ತುರುಬು ಮತ್ತು ಅದರಲ್ಲಿ ದುಂಡುಮಲ್ಲಿಗೆ. ಯುದ್ಧದಿಂದಾಗಿ ಪ್ಲೇಟು ಸಿಕ್ಕುವುದೇ ಕಷ್ಟವಾಗಿದ್ದ ದಿನಗಳು. ಉಳಿದಿದ್ದುದರಲ್ಲಿ ಹೆಚ್ಚಿನದನ್ನು ಈ ಕೆಲಸಕ್ಕೇ ಸುರಿದರು. ದೊಡ್ಡಮ್ಮ ತಮಾಷೆ ಬಿಡಲಿಲ್ಲ. “ಎಬ್ಬೆಟ್ಟು ಬಂತಾ? ಇಮ್ಮಡಿ ಬಂತಾ? ಇಂಗೇ ಚೂರುಚೂರು ತಗುದು ಕೊನೀಗೆ ಒಂದ್ಕಡೆ ಒಲ್ಕೊಳಿ.”

ಮಳೆಗಾಲ ಮುಗಿಯುವ ಮೊದಲೇ ದೊಡ್ಡಮ್ಮ ಹೋದರು. ಆಯಸ್ಸು ಕಿತ್ತುಕೊಳ್ಳಲು ಯಾವ ಪೆಟ್ಟಿಗೆಯೂ ಬೇಕಾಗಲಿಲ್ಲ. ಸಂಸ್ಕಾರಕ್ಕೆ ಬಂದ ಪಟೇಲರು ಜನರ ನಡುವೆ ನಿಂತು, “ಸದ್ಯ, ಕಟ್ಟು ಮುರೀಲಿಲ್ಲ, ದೊಡ್ಡ ಮನುಸ” ಎಂದು ದೊಡ್ಡಪ್ಪನನ್ನು ಹೊಗಳಿದರು. ನಾನು ಅಂದಿನಿಂದ ಆ ಮನುಷ್ಯನಿಗೆ ಒಳ್ಳೆಯದನ್ನು ಬಯಸಿಲ್ಲ. ಇಂದಿಗೂ ಬಯಸುವುದಿಲ್ಲ.

ಹೀಗಿರುವಾಗ ದೇವರು ಪಟೇಲರಿಗೆ ಒಂದು ಪದಕ ದಯಪಾಲಿಸಿದ. ಯುದ್ಧನಿಧಿಗೆ ಊರವರ ಮನೆಯಿಂದ ಭತ್ತ, ರಾಗಿ ಎತ್ತಿಕೊಟ್ಟು ಸರ್ಕಾರದ ಪ್ರೀತಿ ಸಂಪಾದಿಸಿದ್ದರು. ಜಿಲ್ಲೆಯ ದೊಡ್ಡ ಸಾಹೇಬರೇ ಊರಿಗೆ ಬಂದು ಪದಕ ಚುಚ್ಚುವುದೆಂದು ಆಯಿತು. ಚಾವಡಿಯ ಮುಂದೆ ಚಪ್ಪರ ಎದ್ದಿತು. ಶಾಲೆಯಿಂದ ಎರಡು ಕುರ್ಚಿ ತರಿಸಲಾಯಿತು. ಒಂದು ಸಾಹೇಬರಿಗೆ, ಒಂದು ತಮಗೆ. ಸಾಹೇಬರ ಪಕ್ಕದಲ್ಲಿ ಸರಿಸಮ ಕೂರುತ್ತೇನೆಂದು ಪಟೇಲರು ಹೊಳಲು ಊರಿನ ಬೀಗರವರೆಗೂ ಹೇಳಿ ಕಳುಹಿಸಿದ್ದರು. ಫೋಟೋ ತೆಗೆಯಲು ಕರೆದಿದ್ದ ಮಂಡ್ಯದ ಸ್ಟುಡಿಯೋದವನು ಮಾತ್ರ ಪ್ಲೇಟು ಇಲ್ಲವೆಂದು ಕೈ ಅಲ್ಲಾಡಿಸಿಬಿಟ್ಟ. ದೊಡ್ಡಪ್ಪನ ಹತ್ತಿರ ಕೆಲವು ಉಳಿದಿದ್ದವು.

ಪಟೇಲರು ನಮ್ಮ ಮನೆಯ ಹೊಸಿಲು ದಾಟಿ ಬಂದರು.

“ನಾಳಿದ್ದು ನೀನೇ ತಗೀಬೇಕು ಕಣಯ್ಯ.”

“ಊರ ಕಟ್ಟು ಐತಲ್ಲ.”

“ಅದೇನ್ ಬುಡು, ಅಳೇ ಮಾತು.”

“ಅಂಗಾದ್ರೆ ನ್ಯಾಯ ಸೇರ್ಸಿ ಕಟ್ಟು ಬಿಚ್ಚಿ. ನಾನು ಆಣೆ ಇಟ್ಟೋನು.”

ನ್ಯಾಯ ಸೇರಿಸಿದರೆ ತಾವು ಅಂದು ಹೇಳಿದ್ದು ತಪ್ಪೆಂದು ಒಪ್ಪಬೇಕು. ಕಟ್ಟೆಯ ಮೇಲೆ ಪಟೇಲರು ತಪ್ಪು ಒಪ್ಪಿದ ಉದಾಹರಣೆ ನಮ್ಮ ಊರಿನ ಇತಿಹಾಸದಲ್ಲಿಲ್ಲ. “ನ್ಯಾಯ ಗೀಯ ಏನೂ ಬ್ಯಾಡ. ನೀನು ಬಾ. ಎಲ್ಲಾ ಅಚ್ಚುಕಟ್ಟಾಗಿ ತಗಿ” ಎಂದರು.

“ಆಯ್ತು. ಅಚ್ಚುಕಟ್ಟಾಗೇ ತಗೀತೀನಿ” ಎಂದರು ದೊಡ್ಡಪ್ಪ. ಹೆಂಡತಿ ಸತ್ತ ಮೇಲೆ ಮೊದಲ ಸಲ ಅವರ ದನಿಯಲ್ಲಿ ಉತ್ಸಾಹ ಕೇಳಿ ನನಗೆ ಗಾಬರಿಯಾಯಿತು.

ಆ ದಿನ ಸಾಹೇಬರು ಬಂದರು. ಒಂದು ಕುರ್ಚಿಯಲ್ಲಿ ಕೂತರು. ಬಿಸಿಲಿಗೆ ತಲೆ ಬೆವರಿತ್ತೆಂದು ಕಾಣುತ್ತದೆ, ಹ್ಯಾಟು ತೆಗೆದು ಇನ್ನೊಂದು ಕುರ್ಚಿಯ ಮೇಲೆ ಇಟ್ಟರು. ಅವರಿಗೆ ಅದರಲ್ಲಿ ಯಾವ ದುರುದ್ದೇಶವೂ ಇರಲಿಲ್ಲ. ಖಾಲಿ ಕುರ್ಚಿ ಕಂಡಿತು, ಇಟ್ಟರು. ಆದರೆ ಸರ್ಕಾರದ ಹ್ಯಾಟನ್ನು ಎತ್ತಿ ಆಚೆಗಿಡುವವರು ಯಾರು? ಪಟೇಲರು ಕುರ್ಚಿಯ ಪಕ್ಕದಲ್ಲಿ ಕೈ ಕಟ್ಟಿ ನಿಂತರು. ಸಮಾರಂಭ ಮುಗಿಯುವವರೆಗೂ ನಿಂತೇ ಇದ್ದರು.

ದೊಡ್ಡಪ್ಪನ ಕ್ಯಾಮೆರಾ ಅಷ್ಟು ಹೊತ್ತೂ ಪಟೇಲರ ಎದೆಯಿಂದ ಮೇಲಕ್ಕೆ ಏಳಲಿಲ್ಲ, ಕೊನೆಗೆ ನೆಲದ ಕಡೆಯೇ ಬಗ್ಗಿತು. ಮೂರು ಕಾಲುಗಳನ್ನು ಅಗಲಿಸಿ ತಗ್ಗಿಸಿ, ತಿದಿ ಹಿಗ್ಗಿಸಿ, ಹತ್ತಿರ ಹೋಗಿ, ಇನ್ನೂ ಹತ್ತಿರ ಹೋಗಿ, ಕರೀ ಬಟ್ಟೆಯೊಳಗೆ ಹೊಕ್ಕುಬಿಟ್ಟಿದ್ದರು. ಪಟೇಲರು ಒಮ್ಮೆ ಬಾಯಿಬಿಡದೆ ಹಲ್ಲಿನ ಸಂದಿಯಲ್ಲೇ, “ಮ್ಯಾಕೆತ್ತಯ್ಯ” ಎಂದರು. “ಬೆಳಕು ಇಲ್ಲೇ ಸಂದಾಗೈತೆ ಬುಡಿ” ಎಂದಿತು ಕರೀ ಬಟ್ಟೆ. ಸಾಹೇಬರ ಎದುರಿಗೆ ಜಗಳ ಆಡುವಂತಿಲ್ಲ.

ಆಮೇಲೆ ದಪ್ಪ ಕಾಗದದ ಮೇಲೆ ಅಂಟಿಸಿ, ರೇಷ್ಮೆ ದಾರದಲ್ಲಿ ಹೊಲಿದು, ದೊಡ್ಡಪ್ಪ ಆಲ್ಬಮ್ ಮಾಡಿದರು. ಊರೆಲ್ಲ ಸೇರಿದ್ದ ಒಂದು ಸಂಜೆ ಚಾವಡಿಯಲ್ಲಿ ಎರಡು ಕೈಯಲ್ಲಿ ಹಿಡಿದು ಅರ್ಪಿಸಿದರು. ಪಟೇಲರು ಎಲ್ಲರಿಗೂ ಕಾಣುವ ಹಾಗೆ ತೆರೆದರು. ಮೊದಲನೆಯದು ಪದಕ. ಸೊಟ್ಟಗೆ ಚುಚ್ಚಿತ್ತು. ಅಂಗಿಯ ನೂಲು ನೂಲೂ ಕಾಣುತ್ತಿತ್ತು, ಗುಂಡಿಯ ಬದಲಿಗೆ ಹಾಕಿದ್ದ ಪಿನ್ನೂ ಕಾಣುತ್ತಿತ್ತು. ಎರಡನೆಯದು ಹಾರದ ಚೆಂಡುಹೂ, ಅದರಲ್ಲಿ ಒಂದು ಇರುವೆ. ಮುಂದಿನದು ಒಂದನ್ನೊಂದು ಹಿಸುಕುತ್ತಿರುವ ಎರಡು ಕೈ. ಕೊನೆಯದು ಪುಟ ತುಂಬ ಇತ್ತು. ಕುರ್ಚಿ, ಕುರ್ಚಿಯ ಮೇಲೆ ವಿರಾಜಮಾನವಾದ ಹ್ಯಾಟು, ಅದರ ಪಕ್ಕದಲ್ಲಿ ನೆಲದ ಮೇಲೆ ಎರಡು ಬರಿಗಾಲು. ಬಲಗಾಲಿನ ಹೆಬ್ಬೆರಳು ಎಡಗಾಲಿನ ಹೆಬ್ಬೆರಳ ಮೇಲೆ ಹತ್ತಿ ಕೂತಿತ್ತು, ಶಾಲೆಯಲ್ಲಿ ಬೈಸಿಕೊಳ್ಳುವ ಹುಡುಗರದ್ದು ಕೂರುವ ಹಾಗೆ.

“ಮೊಕ ಎಲ್ಲಯ್ಯ?” ಎಂದರು ಪಟೇಲರು.

“ಆಯಸ್ಸು ಇರೋದು ಮೊಕದಲ್ಲಿ ಅಂತ ತಾವೇ ಅಪ್ಪಣೆ ಕೊಡ್ಸಿದ್ರಿ. ತಮ್ಮ ಆಯಸ್ಸು ಊರಿಗೆ ಬೇಕು. ಅದಕ್ಕೇ ಮೊಕ ಬುಟ್ಟು ಮಂಡಿ ಕಡೀಕೇ ಓದೆ.”

ಮೊದಲು ನಕ್ಕವನು, ಉಬ್ಬಸ ಮೊದಲಿಂದಲೂ ಇತ್ತು ಎಂದಿದ್ದವನೇ. ಆಮೇಲೆ ಚಾವಡಿ ನಕ್ಕಿತು. ಬಾಗಿಲ ಮರೆಯಲ್ಲಿದ್ದ ಹೆಂಗಸರೂ ನಕ್ಕರು. ಕಟ್ಟು ಮುರಿದಿದ್ದರೆ ದಂಡ ಹಾಕಬಹುದಿತ್ತು, ಪಾಲಿಸಿದ್ದಕ್ಕೆ ಯಾವ ನ್ಯಾಯವೂ ದಂಡ ಹಾಕಲಾರದು. ಮರುದಿನದಿಂದ ನೀರು ಸೇದುವ ಬಾವಿಯ ಹತ್ತಿರ, “ಟೋಪಿಗ್ ಕುರ್ಚಿ, ಪಟೇಲ್ರಿಗ್ ನೆಲ ಕಣಮ್ಮಿ” ಎಂಬುದು ಮಾತಾಯಿತು. ಪಟೇಲರು ಬಹಳ ಕಾಲ ಕಟ್ಟೆಯ ಕಡೆ ಬರಲಿಲ್ಲ. ನನಗಾದ ಸಂತೋಷವನ್ನು ಇಲ್ಲಿ ಬರೆದರೆ ನನ್ನ ಸಂಸ್ಕಾರದ ಬಗ್ಗೆ ಓದುಗರಿಗೆ ಅನುಮಾನ ಬಂದೀತು. ಆದರೂ ಬರೆಯುತ್ತೇನೆ: ಅಷ್ಟು ಸಂತೋಷ ನನಗೆ ನನ್ನ ಮದುವೆಯಲ್ಲೂ ಆಗಲಿಲ್ಲ.

ದೊಡ್ಡಪ್ಪನಿಗೆ ಆಗಲಿಲ್ಲ. ಮನೆಗೆ ಬಂದು ತೊಟ್ಟಿಯಲ್ಲಿ ಕೂತು, ದೊಡ್ಡಮ್ಮನ ಕೈಯ ಫೋಟೋ ತೆಗೆದು ನೋಡಿದರು. ನಾನು ಪಕ್ಕದಲ್ಲಿ ಕೂತು ಪಟೇಲರ ಹೆಬ್ಬೆರಳನ್ನು ವರ್ಣಿಸುತ್ತಲೇ ಇದ್ದೆ. ಅವರು ನಡುವೆ ಕೇಳಿದರು:

“ಅವಳ ಮೂಗುಬೊಟ್ಟು ಯಾವ ಕಡೆ ಇತ್ಲಾ?”

ನಾನು ಹೇಳಲು ಬಾಯಿ ತೆರೆದೆ. ಬಲಗಡೆ ಎನಿಸಿತು. ಮರುಗಳಿಗೆ ಎಡಗಡೆ ಎನಿಸಿತು. ದೊಡ್ಡಪ್ಪ, “ಎಬ್ಬೆಟ್ಟಿನ ಗೆರೆಗೆರೆನೂ ಗೊತ್ತು” ಎಂದು ಮಾತ್ರ ಹೇಳಿ, ಫೋಟೋವನ್ನು ಬಟ್ಟೆಯಲ್ಲಿ ಸುತ್ತಿಟ್ಟರು. ಆಮೇಲೆ ಅವರು ಕ್ಯಾಮೆರಾ ತೆರೆದದ್ದು ನಾನು ಕಾಣೆ. ಕೆಲವು ವರ್ಷ ಕಳೆದು, ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ, ಯಾರಿಗೂ ಕಷ್ಟ ಕೊಡದೆ ತೀರಿಕೊಂಡರು. ಅವರದೂ ಒಂದು ಫೋಟೋ ಇಲ್ಲ. ಮನೆಯಲ್ಲಿದ್ದ ಒಬ್ಬನೇ ಫೋಟೋಗ್ರಾಫರು ಅವರೇ.

ಪ್ಲೇಟುಗಳು ನನ್ನ ಪಾಲಿಗೆ ಬಂದವು. ಒಂದು ಆಸೆಯಿಂದ ಭೂತಗನ್ನಡಿ ಹಿಡಿದು ಹಿತ್ತಾಳೆ ಪಾತ್ರೆಗಳ ಚಿತ್ರವನ್ನೆಲ್ಲ ಹುಡುಕಿದೆ. ತಿಕ್ಕಿ ಬೆಳಗಿದ ಚೊಂಬಿನ ಹೊಟ್ಟೆಯಲ್ಲಿ ತೊಟ್ಟಿ, ಕಂಬ, ಪಂಚೆ ಎಲ್ಲ ಮೂಡಿದ್ದವು. ಸೌಟು ಹಿಡಿದು ಉಸಿರು ಬಿಗಿಹಿಡಿದು ನಿಂತ ದೊಡ್ಡಮ್ಮ ಎಲ್ಲಾದರೂ ಒಂದು ಮೂಲೆಯಲ್ಲಿ ಸಿಕ್ಕಬಹುದು ಎಂದುಕೊಂಡಿದ್ದೆ. ಸಿಕ್ಕಲಿಲ್ಲ. ಪ್ರತಿ ಪಾತ್ರೆಯಲ್ಲೂ ಇದ್ದದ್ದು ಕರೀ ಬಟ್ಟೆ ಹೊದ್ದ ಒಂದು ಗುಡ್ಡೆ ಮತ್ತು ಮೂರು ಕಾಲು. ದೊಡ್ಡಪ್ಪ ಆಣೆಯನ್ನು ಚೊಂಬಿನೊಳಗೂ ಪಾಲಿಸಿದ್ದರು.

ಪಟೇಲರು ದೊಡ್ಡಪ್ಪನ ಹಿಂದೆಯೇ ಹೋದರು. ಅವರ ಹಿರಿಯ ಮಗ ಮಂಡ್ಯಕ್ಕೆ ನನ್ನನ್ನು ಹುಡುಕಿಕೊಂಡು ಬಂದ. ಚಾವಡಿಯ ಗೋಡೆಗೆ ಹಾಕಲು ಅಪ್ಪನದೊಂದು ದೊಡ್ಡ ಪಟ ಬೇಕಂತೆ. ಆ ಆಲ್ಬಮ್ಮನ್ನು ಅಪ್ಪನೇ ಒಲೆಗೆ ಹಾಕಿದ್ದನಂತೆ.

“ಅವತ್ತಿನ ಪ್ಲೇಟು ನಿಮ್ಮತ್ರ ಅವೆಯಂತಲ್ಲ. ಯಾವುದ್ರಲ್ಲಾರಾ ಒಸಿ ಮೊಕ ಬಿದ್ದಿದ್ರೆ ನೋಡಿ” ಎಂದ. ಒಳ್ಳೆಯವನೇ. ಅವನ ಮೇಲೆ ನನಗೆ ಯಾವ ದ್ವೇಷವೂ ಇಲ್ಲ.

ಪಾದದ ಪಟ ಬೇಕಾದರೆ ದೊಡ್ಡದು ಮಾಡಿಸಿಕೊಡುತ್ತೇನೆ ಎಂದೆ. ಹಿರಿಯರ ಪಾದಕ್ಕೆ ಹೂ ಹಾಕುವುದು ನಮ್ಮ ಸಂಪ್ರದಾಯವೇ ತಾನೆ ಎಂದೂ ಹೇಳಿದೆ. ಅವನು ಎದ್ದುಹೋದ.

ನನ್ನ ಮೇಜಿನ ಎದುರಿಗೆ ಈಗ ಎರಡು ಪಟಗಳಿವೆ. ಒಂದು ಬದನೆಕಾಯಿ, ಇನ್ನೊಂದು ಹೂ ಕಟ್ಟುವ ಕೈ. ಹತ್ತಿರ ಹೋಗಿ ನೋಡುವುದನ್ನು ದೊಡ್ಡಪ್ಪನವರಿಂದ ಕಲಿತೆ. ಅದು ಸಣ್ಣ ಋಣ. ಏನನ್ನು ತೆಗೆಯಬಾರದು ಎಂಬುದನ್ನೂ ಅವರಿಂದಲೇ ಕಲಿತೆ. ಪಟೇಲರನ್ನು ನಾನು ಬಹಳ ವರ್ಷ ಹತ್ತಿರದಿಂದ ಕಂಡವನು, ಅವರ ಮುಖದ ಒಂದೊಂದು ಗೆರೆಯೂ ನನಗೆ ಚೆನ್ನಾಗಿ ನೆನಪಿದೆ. ಅದು ಹೇಗಿತ್ತೆಂದು ಈ ಬರಹದಲ್ಲಿ ಎಲ್ಲಿಯೂ ಒಂದು ಮಾತು ಬರೆದಿಲ್ಲ. ಯಾರು ಕೇಳಿದರೂ ಬರೆಯುವುದಿಲ್ಲ ಎಂದು, ಆ ಮುಖ ನೆನಪಿರುವವರಲ್ಲಿ ಈಗ ಉಳಿದ ಕೊನೆಯವನಾಗಿ, ಇಲ್ಲಿ ಆಣೆ ಇಡುತ್ತೇನೆ.